ಹೆಡ್ ಗ್ಯಾಸ್ಕೆಟ್ ಹೋಗಿದೆ, ಮನೆಯಲ್ಲೇ ನಾನೇ ಬದಲಿಸಬಹುದಾ?

ಪ್ರಶ್ನೆ: ಸರ್, ನಮ್ಮದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವಾಗ ಟೆಂಪರೇಚರ್ ಮುಳ್ಳು ಪೂರ್ತಿ ಏರಿ ಗಾಡಿ ನಿಂತಿತು. ಈಗ ರೇಡಿಯೇಟರ್‌ಗೆ ನೀರು ತುಂಬಿದರೆ ಸಂಜೆಯೊಳಗೆ ಖಾಲಿ. ಹೊರಗೆ ಎಲ್ಲೂ ಸೋರಿದ್ದು ಕಾಣುವುದಿಲ್ಲ. ಮಿಸ್ತ್ರಿ ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರು. ಅವರು ಹೇಳಿದ ರೇಟು ಕೇಳಿ ಗುಜರಿಗೇ ಹಾಕಿಬಿಡೋಣ ಅನ್ನಿಸಿತು. ಮನೆಯಲ್ಲಿ ಪಾನಾ ಸೆಟ್ ಇದೆ. ಟ್ರ್ಯಾಕ್ಟರ್ ಕೆಲಸ ಮಾಡಿ ರೂಢಿಯೂ ಇದೆ. ನಾನೇ ಬದಲಿಸಬಹುದಾ?

ಉತ್ತರ: ಬದಲಿಸಬಹುದು. ಈ ಕೆಲಸ ಕಲಿಯುವುದಕ್ಕೆ ಮಾರುತಿ 800ಗಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. 796 ಸಿಸಿ, ಮೂರೇ ಸಿಲಿಂಡರ್, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ. ಬಾನೆಟ್ ಎತ್ತಿದರೆ ಕೈ ಹಾಕಲು ಜಾಗ ಇದೆ. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ, ಅದು ಅಲ್ಯೂಮಿನಿಯಂನದು, ಒಬ್ಬರೇ ಎತ್ತಿ ಇಡಬಹುದು. 1983ರ ಕೊನೆಯಿಂದ 2014ರ ಆರಂಭದವರೆಗೆ ತಯಾರಾದ ಗಾಡಿ ಇದು, ಸ್ಪೇರ್ ಪಾರ್ಟ್‌ಗೂ ಜಾಸ್ತಿ ಅಲೆಯಬೇಕಿಲ್ಲ.

ಆದರೆ ಒಂದು ಮಾತು. ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಡಿಮೆ. ಇಂಜಿನ್ ಹೀಟ್ ಆಗಿ ಹೆಡ್ ಡೊಂಕಾಗುತ್ತದೆ, ಆಮೇಲೆ ಗ್ಯಾಸ್ಕೆಟ್ ಸುಡುತ್ತದೆ. ಹೀಟ್ ಆಗಿದ್ದು ಯಾಕೆ ಅಂತ ಹುಡುಕದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಂದಿನ ಬೇಸಿಗೆಗೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಮೊದಲು, ನಿಜವಾಗಿಯೂ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಹೆಡ್ ಮತ್ತು ಬ್ಲಾಕ್ (ಸಿಲಿಂಡರುಗಳಿರುವ ಕೆಳಭಾಗ) ನಡುವಿನ ಗ್ಯಾಸ್ಕೆಟ್ ಅನ್ನುವ ಆ ತೆಳ್ಳಗಿನ ಹಾಳೆ ಮೂರು ವಸ್ತುಗಳನ್ನು ಬೇರೆ ಬೇರೆ ಇಡುತ್ತದೆ: ಸಿಲಿಂಡರ್ ಒಳಗಿನ ಬೆಂಕಿ, ತಣ್ಣಗೆ ಇಡುವ ನೀರು, ಆಯಿಲ್. ಯಾವ ಎರಡರ ನಡುವೆ ದಾರಿ ಆಯಿತೋ ಅದರ ಮೇಲೆ ಲಕ್ಷಣ ಬದಲಾಗುತ್ತದೆ. ನೀರು ಸಿಲಿಂಡರಿಗೆ ಹೋದರೆ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಇಂಜಿನ್ ಬಿಸಿಯಾದ ಮೇಲೂ ಅದು ನಿಲ್ಲುವುದಿಲ್ಲ. ಒಳಗೆ ಕೂಲೆಂಟ್ ಇದ್ದರೆ ಸಿಹಿ ವಾಸನೆ ಇರುತ್ತದೆ. ಸಿಲಿಂಡರಿನ ಗ್ಯಾಸ್ ನೀರಿಗೆ ಹೋದರೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರುತ್ತಲೇ ಇರುತ್ತವೆ. ನೀರು ಆಯಿಲ್‌ಗೆ ಸೇರಿದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಮೇಲೆ ಕೆನೆಬಣ್ಣದ ಮಡ್ಡಿ ಬರುತ್ತದೆ.

ಈ ಕೊನೆಯ ಲಕ್ಷಣದಲ್ಲಿ ಬೆಳಗಾವಿ ಕಡೆಯವರು ಮೋಸ ಹೋಗುತ್ತಾರೆ. ಅಲ್ಲಿನ ಮಳೆಗಾಲದಲ್ಲಿ ಗಾಡಿಯನ್ನು ಬರೀ ಮಾರ್ಕೆಟ್‌ಗೆ, ಶಾಲೆಗೆ ಅಂತ ಸಣ್ಣ ಓಡಾಟಕ್ಕೆ ಬಳಸಿದರೆ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಕೆನೆ ಕಟ್ಟುತ್ತದೆ. ಅದು ತೇವ ಅಷ್ಟೇ. ಒಮ್ಮೆ ಧಾರವಾಡದವರೆಗೆ ಓಡಿಸಿ ಬಂದರೆ ಹೋಗುತ್ತದೆ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಮುಚ್ಚಳದಲ್ಲಿ ಮಾತ್ರ ಕೆನೆ ಇದ್ದರೆ ಹೆಡ್ ಬಿಚ್ಚುವ ಅವಸರ ಬೇಡ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಹಾಗೆ ಕಂಡರೆ ಮಾತ್ರ ಬೇರೆ ಮಾತು.

ಅನುಮಾನ ಇದ್ದರೆ ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮೀಟರ್) ಇರುವ ಗ್ಯಾರೇಜಿನಲ್ಲಿ ಮೂರೂ ಸಿಲಿಂಡರ್ ಅಳೆಸಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ಇನ್ನೊಂದು ಪರೀಕ್ಷೆಯೂ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಇಂಜಿನ್ ಓಡಿಸುತ್ತಾರೆ. ಸುಟ್ಟ ಗ್ಯಾಸ್ ನೀರಿಗೆ ಬರುತ್ತಿದ್ದರೆ ಅದು ಹಳದಿಯಾಗುತ್ತದೆ. ಎಲ್ಲ ಗ್ಯಾರೇಜಿನಲ್ಲಿ ಇರುವುದಿಲ್ಲ, ಕೇಳಿ ನೋಡಿ. ಏನೇ ಪರೀಕ್ಷೆ ಮಾಡಿದರೂ ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮುಚ್ಚಳದ ಒತ್ತಡದಿಂದ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ತೆಗೆದ ಕ್ಷಣ ಮುಖಕ್ಕೆ ಹಾರುತ್ತದೆ.

ಈಗ ಕಾರಣಕ್ಕೆ ಬರೋಣ. ನಮ್ಮ ಕಡೆ ನನ್ನ ಮೊದಲ ಅನುಮಾನ ಯಾವಾಗಲೂ ನೀರಿನ ಮೇಲೆ. ವಿಜಯಪುರ, ಬಾಗಲಕೋಟೆ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಅನ್ನುವುದು ಮನೆಯ ಹಂಡೆ ನೋಡಿದರೆ ಗೊತ್ತಾಗುತ್ತದೆ ಅಲ್ವಾ? ಜಮಖಂಡಿ, ಅಥಣಿ ಕಡೆಯ ಹೊಳೆಸಾಲಿನಲ್ಲಿ ಸವಳು ಬೇರೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಹಾಕಿದರೆ ಸಣ್ಣ ಕೊಳವೆಗಳ ಒಳಗೆ ಬಿಳಿ ಗಟ್ಟಿ ಪದರ ಕಟ್ಟುತ್ತದೆ. ಶಾಖ ಹೊರಗೆ ಹೋಗುವುದಿಲ್ಲ. ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಬಿಸಿಲು 40 ಡಿಗ್ರಿ ದಾಟಿದಾಗ ಮುಳ್ಳು ಏರುತ್ತದೆ. ಹೊರಗಿನಿಂದ ಬೇರೆ ಕಾಟ. ಕಬ್ಬಿನ ರವದಿ, ಜೋಳದ ಹೊಟ್ಟು, ಎರೆಮಣ್ಣಿನ ಧೂಳು ಎಲ್ಲ ರೇಡಿಯೇಟರ್ ಜಾಲರಿಗೆ ಅಂಟಿ ಗಾಳಿ ನಿಲ್ಲಿಸುತ್ತವೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹೀಟ್ ಆಗುವುದೂ ಬಹಳ ಸಲ ಇದರಿಂದಲೇ.

ಅದಕ್ಕೇ ಹೆಡ್ ಬಿಚ್ಚಿದ ದಿನವೇ ರೇಡಿಯೇಟರ್ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಡಿ. ಅದು ಕ್ಲೀನ್ ಆಗಿ ಬರುವುದರೊಳಗೆ ಹೆಡ್ ಕೆಲಸವೂ ಮುಗಿದಿರುತ್ತದೆ. 800ರಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನದು. ಅದಕ್ಕೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ತಿರುಗಿದರೆ ಮೋಟಾರ್ ಸರಿ ಇದೆ, ದೋಷ ಇದ್ದರೆ ಸ್ವಿಚ್, ಫ್ಯೂಸ್ ಅಥವಾ ವೈರಿನಲ್ಲಿ. ವಾಟರ್ ಪಂಪಿನ ಶಾಫ್ಟ್ ಅಲ್ಲಾಡುತ್ತಿದೆಯಾ ನೋಡಿ. ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಹಾಕಿ, ಬಾಯಿ ತೆರೆಯದಿದ್ದರೆ ಹೊಸದು ತನ್ನಿ. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ, ತೆಗೆದು ಒಗೆಯಿರಿ" ಅನ್ನುವ ಮಿಸ್ತ್ರಿಗಳು ಪ್ರತಿ ಊರಲ್ಲೂ ಇದ್ದಾರೆ. ಕೇಳಬೇಡಿ. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ.

ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವ ಉಪಾಯವೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಸಣ್ಣ ತೂತು ಮುಚ್ಚಿ ರಾತ್ರಿ ಹೇಗೋ ಮನೆ ಸೇರುವುದಕ್ಕೆ ಸರಿ. ಸುಟ್ಟ ಹೆಡ್ ಗ್ಯಾಸ್ಕೆಟ್‌ಗೆ ಅದು ಏನೂ ಮಾಡುವುದಿಲ್ಲ, ಇರುವ ಕೊಳವೆಯನ್ನೂ ಕಟ್ಟಿಸುತ್ತದೆ.

ಕೆಲಸ ಶುರು ಮಾಡುವ ಮೊದಲು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಸಂಪಾದಿಸಿ. ಬೋಲ್ಟ್ ಬಿಗಿಯ ಅಳತೆ, ಟ್ಯಾಪೆಟ್ ಅಳತೆ (ವಾಲ್ವಿನ ಬಳಿ ಬಿಡಬೇಕಾದ ಸಂದು), ಬೆಲ್ಟಿನ ಗುರುತು ಇದೆಲ್ಲ ಅಂದಾಜಿನಲ್ಲಿ ನಡೆಯುವುದಿಲ್ಲ. ಪಾನಾ ಸೆಟ್ ಜೊತೆಗೆ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್ ಬೇಕೇ ಬೇಕು. ಕೊಳ್ಳಲು ಆಗದಿದ್ದರೆ ಒಂದು ದಿನಕ್ಕೆ ಯಾರಿಂದಲಾದರೂ ತನ್ನಿ. ಟ್ರ್ಯಾಕ್ಟರ್ ರೂಢಿ ಇರುವವರು ಇಲ್ಲೇ ಸ್ವಲ್ಪ ಹುಷಾರಾಗಿರಬೇಕು. ಆ ದಪ್ಪ ಬೋಲ್ಟುಗಳಿಗೆ ಹಾಕುವ ಕೈಬಲ ಇಲ್ಲಿ ಹಾಕಿದರೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಬ್ಲಾಕಿನ ಆಟೆ (ಥ್ರೆಡ್) ಕಿತ್ತು ಬರುತ್ತದೆ.

ಇಂಜಿನ್ ಪೂರ್ತಿ ತಣ್ಣಗಾಗಲಿ, ಒಂದು ರಾತ್ರಿ ಬಿಡಿ. ಬಿಸಿಯಲ್ಲಿ ಹೆಡ್ ಸಡಿಲಿಸಿದರೆ ಡೊಂಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ನೀರು, ಆಯಿಲ್ ಇಳಿಸಿ. ಕೂಲೆಂಟ್ ಇದ್ದರೆ ಬಕೆಟ್ಟಿನಲ್ಲಿ ಹಿಡಿದು ಎತ್ತಿಡಿ. ಅದು ಸಿಹಿ ಇರುತ್ತದೆ, ನಾಯಿ, ದನ ನೆಕ್ಕಿದರೆ ವಿಷ. ಪ್ರತಿ ಹೋಸ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಟೇಪ್ ಸುತ್ತಿ ನಂಬರ್ ಬರೆಯಿರಿ. ಕಾರ್ಬುರೇಟರ್‌ನ ವ್ಯಾಕ್ಯೂಮ್ ಪೈಪುಗಳು ನೋಡಲು ಎಲ್ಲ ಒಂದೇ ತರಹ ಇರುತ್ತವೆ. ಕ್ರ್ಯಾಂಕಿನಿಂದ (ಪಿಸ್ಟನ್ ತಿರುಗಿಸುವ ದಂಡ) ಕ್ಯಾಮ್ ಓಡಿಸುವ ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಕ್ಯಾಮ್ ಮತ್ತು ಕ್ರ್ಯಾಂಕ್ ಗುರುತುಗಳನ್ನು ಕೂಡಿಸಿ ನಿಲ್ಲಿಸಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆಯಬೇಕಾದರೆ ಅದಕ್ಕೂ ಗುರುತು ಹಾಕಿ. ಬೆಲ್ಟ್ ಹಳೆಯದಾಗಿದ್ದರೆ ಇದೇ ಸಮಯದಲ್ಲಿ ಬದಲಿಸಿ.

ಹೆಡ್ ಬೋಲ್ಟ್ ಸಡಿಲಿಸುವುದು ಹೊರಗಿನಿಂದ ಒಳಕ್ಕೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ಹೆಡ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಅಲ್ಲಿಂದಲೇ ಮತ್ತೆ ಸೋರುತ್ತದೆ.

ಹೆಡ್ ಎತ್ತಿದ ಮೇಲೆ ಹಳೇ ಗ್ಯಾಸ್ಕೆಟ್ ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಬೆಂಕಿ ಹಾದುಹೋದ ಜಾಗದಲ್ಲಿ ಕಪ್ಪು ಗೆರೆ ಇರುತ್ತದೆ. ಸಿಲಿಂಡರಿನ ಉಂಗುರದಿಂದ ನೀರಿನ ತೂತಿನ ಕಡೆಗೆ ಹೋಗಿದೆಯಾ, ಇಲ್ಲ ಪಕ್ಕದ ಸಿಲಿಂಡರಿಗಾ? ಪಿಸ್ಟನ್ ತಲೆಗಳನ್ನೂ ನೋಡಿ. ಎರಡು ಕಪ್ಪಗೆ ಮಸಿ ಹಿಡಿದು ಒಂದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ನೀರು ಹೋಗುತ್ತಿದ್ದದ್ದು ಅದಕ್ಕೇ, ಆವಿ ಅದನ್ನು ತೊಳೆದಿದೆ. ಕಪ್ಪು ಗೆರೆ ಎಲ್ಲೂ ಇಲ್ಲ, ಆದರೂ ಪಿಸ್ಟನ್ ತೊಳೆದಿದೆ ಅಂದರೆ ಹೆಡ್ ಬಿರುಕು ಬಿಟ್ಟಿರಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಮಟ್ಟ. ಅಲ್ಯೂಮಿನಿಯಂ ಬಿಸಿಗೆ ಬೀಡು ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟು ಹಿಡಿದಿರುವಾಗ ಹಿಗ್ಗಲು ಜಾಗ ಇಲ್ಲದೆ ಹೆಡ್ ಬಾಗುತ್ತದೆ. ಅದರಲ್ಲೂ ಕುದಿಯುವ ಇಂಜಿನ್ನಿಗೆ ರಸ್ತೆ ಬದಿಯಲ್ಲಿ ತಣ್ಣೀರು ಸುರಿದಿದ್ದರೆ ಬಿರುಕೂ ಬಿಡಬಹುದು. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳಗಿನ ಉಕ್ಕಿನ ಎಲೆ) ತೂರಿಸಿ. ಇಂಥ ಸಣ್ಣ ಹೆಡ್‌ಗಳಲ್ಲಿ 0.05 ಮಿ.ಮೀ. ಎಲೆ ಸಲೀಸಾಗಿ ನುಗ್ಗಿದರೆ ಲೇತ್ ಅಂಗಡಿಯವರಿಗೆ ಕೊಟ್ಟು ಫೇಸಿಂಗ್, ಅಂದರೆ ಮೇಲ್ಮೈ ಕೆರೆದು ಮಟ್ಟ ಮಾಡಿಸುವುದೇ ಸರಿ. ಬ್ಲಾಕಿನ ಮೇಲ್ಭಾಗವನ್ನೂ ಹೀಗೇ ಅಳೆಯಿರಿ.

ಫೇಸಿಂಗ್‌ಗೆ ಬೆಳಗಾವಿಯವರಿಗೆ ಚಿಂತೆ ಇಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿ, ಮೆಷಿನ್ ಶಾಪ್ ಸಾಲು ಸಾಲು ಇವೆ. ನೀವು ಜಮಖಂಡಿಯವರು, ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಇಂಜಿನ್ ರೀಬೋರ್ ಮಾಡುವ ಅಂಗಡಿ ವಿಚಾರಿಸಿ. ಮೊದಲು ಬಿರುಕಿಗೆ ಪ್ರೆಷರ್ ಟೆಸ್ಟ್ ಮಾಡಿ, ಆಮೇಲೆ ಫೇಸಿಂಗ್ ಅಂತ ಹೇಳಿ. ಬಿರುಕು ಬಿಟ್ಟ ಹೆಡ್‌ಗೆ ಫೇಸಿಂಗ್ ದುಡ್ಡು ದಂಡ. ಎಷ್ಟು ಬೇಕೋ ಅಷ್ಟೇ ತೆಗೆಯಲಿ, ಎಷ್ಟು ತೆಗೆದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಜಾಸ್ತಿ ತೆಗೆದರೆ ಕಂಪ್ರೆಷನ್ ಏರಿ ಇಂಜಿನ್ ಬಡಿದುಕೊಳ್ಳುತ್ತದೆ. ಹೇಗೂ ಕೊಟ್ಟಿದ್ದೀರಿ, ವಾಲ್ವ್ ಗ್ರೈಂಡಿಂಗ್ ಮಾಡಿಸಿ ವಾಲ್ವ್ ಸೀಲ್ ಬದಲಿಸಿಬಿಡಿ.

ಬ್ಲಾಕ್ ಸ್ವಚ್ಛ ಮಾಡುವಾಗ ಸಿಲಿಂಡರಿಗೆ ಬಟ್ಟೆ ತುರುಕಿ, ಕಸ ಒಳಗೆ ಬೀಳಬಾರದು. ಗ್ರೈಂಡರ್ ಚಕ್ರ ಹಿಡಿಯಬೇಡಿ, ಗುಳಿ ಬೀಳುತ್ತದೆ. ಬೋಲ್ಟ್ ತೂತುಗಳಲ್ಲಿ ನಿಂತ ನೀರು, ಆಯಿಲ್ ಪೂರ್ತಿ ತೆಗೆಯಿರಿ. ಇದನ್ನು ಬಹಳ ಜನ ಬಿಡುತ್ತಾರೆ. ತಳ ಮುಚ್ಚಿದ ತೂತಿನಲ್ಲಿ ನೀರಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇಲ್ಲ. ರೆಂಚ್ ಬಿಗಿಯಾಯಿತು ಅಂತ ತೋರಿಸುತ್ತದೆ, ಹೆಡ್ ಕೂತಿರುವುದಿಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ.

ಹೊಸ ಗ್ಯಾಸ್ಕೆಟ್ ಮೇಲೆ ಶೆಲ್ಯಾಕ್, ಗ್ರೀಸ್, ಸಿಲಿಕಾನ್ ಏನೂ ಹಚ್ಚಬೇಡಿ, ಮ್ಯಾನುಯಲ್ ಹೇಳಿದ್ದರೆ ಮಾತ್ರ. ಮೇಲಿನ ಮಗ್ಗುಲಿನ ಗುರುತು ನೋಡಿ ಇಡಿ, ಆಯಿಲ್ ತೂತು ಬ್ಲಾಕಿನ ತೂತಿಗೆ ಕೂಡಬೇಕು. ಬೋಲ್ಟ್ ಬಿಗಿ ಮಾಡುವುದು ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ. ಬಳಸಿದ ಬೋಲ್ಟ್ ಮತ್ತೆ ಹಾಕಬಹುದಾ ಅನ್ನುವುದೂ ಮ್ಯಾನುಯಲ್‌ನಲ್ಲಿ ಇರುತ್ತದೆ. ಹೊಸ ಕಾಲದ ಎಷ್ಟೋ ಇಂಜಿನ್‌ಗಳ ಬೋಲ್ಟ್ ಒಮ್ಮೆ ಎಳೆದುಕೊಂಡರೆ ಮುಗಿಯಿತು, ಹೊಸದೇ ಬೇಕು. ಆಮೇಲೆ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡುತ್ತವೆಯಾ ನೋಡಿ. ಎಲ್ಲಾದರೂ ತಡೆದರೆ ಒತ್ತಾಯ ಬೇಡ, ಬೆಲ್ಟ್ ತೆಗೆದು ಮತ್ತೆ ಕೂಡಿಸಿ. ಕೊನೆಗೆ ಟ್ಯಾಪೆಟ್ ಸೆಟ್.

ಇದೆಲ್ಲ ಪೆಟ್ರೋಲ್ 800ರ ಮಾತು. ಹಳೇ ಡೀಸೆಲ್ ಜೀಪಿನವರು ಇದನ್ನೇ ಹಾಗೆಯೇ ಅನುಸರಿಸಬೇಡಿ. ಎಷ್ಟೋ ಡೀಸೆಲ್ ಇಂಜಿನ್‌ಗಳಲ್ಲಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಅಂಚಿನ ಕಚ್ಚು ಅಥವಾ ತೂತು ಎಣಿಸಿ ದಪ್ಪ ತಿಳಿಯುತ್ತಾರೆ.

ನಿಮ್ಮ ಗಾಡಿಯ ಡಿಪ್‌ಸ್ಟಿಕ್‌ನಲ್ಲಿ ಈಗಾಗಲೇ ಮಡ್ಡಿ ಇದ್ದು ಹಾಗೇ ಬಹಳ ದೂರ ಓಡಿಸಿದ್ದೀರಾ? ಇಂಜಿನ್ ತಳದಲ್ಲಿ ಟಕಟಕ ಸದ್ದಿದೆಯಾ? ಹಾಗಿದ್ದರೆ ಬೇರಿಂಗ್‌ಗೂ ಪೆಟ್ಟು ಬಿದ್ದಿರುತ್ತದೆ. ಆಗ ಮನೆಯ ಕೆಲಸ ಬೇಡ, ಗ್ಯಾರೇಜಿಗೇ ಕೊಡಿ. ಇಲ್ಲದಿದ್ದರೆ ನೀವೇ ಮಾಡಿ. ಊರಿನ ಮಿಸ್ತ್ರಿಯನ್ನು ಬೋಲ್ಟ್ ಬಿಗಿ ಮಾಡುವ ದಿನ ಒಂದು ತಾಸು ಕರೆಸಿಕೊಂಡರೆ ಇನ್ನೂ ಒಳ್ಳೆಯದು. ಅವರ ಕೂಲಿ ಕೊಡಿ, ಸುಮ್ನೆ ಕರೆಯಬೇಡಿ.

ತುಂಬುವಾಗ ಬೋರ್ ನೀರು ಬೇಡ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ, ಇಲ್ಲವೇ ಬೆರೆಸಿಯೇ ಮಾರುವ ಕೂಲೆಂಟ್ ತನ್ನಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗಾಳಿ ಹೊರಬರುತ್ತಿದ್ದ ಹಾಗೆ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ, ನೀರು ಉಕ್ಕಲು ಶುರುವಾಗುವ ಮೊದಲೇ ಮುಚ್ಚಿ. ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ಗಾಡಿ ಬಿಟ್ಟು ಹೋಗಬೇಡಿ. ಮೊದಲ ವಾರ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಮಟ್ಟ, ಡಿಪ್‌ಸ್ಟಿಕ್ ಎರಡೂ ನೋಡಿ. ಹಳೇ ಆಯಿಲ್‌ನಲ್ಲಿ ನೀರು ಸೇರಿತ್ತಾದರೆ ಈ ಹೊಸ ಆಯಿಲನ್ನೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಇಳಿಸಿ ಬದಲಿಸಿ. ಮೂಲೆಯಲ್ಲಿ ಉಳಿದ ನೀರು ಅದರ ಜೊತೆ ಹೋಗುತ್ತದೆ.