ಮಡಿಕೇರಿಯ ಹಳೆಯ ನಕ್ಷೆಯಲ್ಲಿ ಇಳಿಜಾರಿನ ಲೆಕ್ಕ

ಮಳೆಗಾಲದಲ್ಲಿ ಕೊಡಗಿನ ಗುಡ್ಡ ಜರಿದಾಗಲೆಲ್ಲ ದೈವಕೋಪವೆನ್ನುವವರಿದ್ದಾರೆ. ಊರು ಅಷ್ಟು ಎತ್ತರದಲ್ಲಿರುವುದೇ ಕಾರಣವೆನ್ನುವವರು ಇನ್ನೂ ಹೆಚ್ಚು. ಇಬ್ಬರೂ ಒಮ್ಮೆ ಮಡಿಕೇರಿ ಮತ್ತು ಅದರ ತಪ್ಪಲಿನ ಹಳೆಯ ಸ್ಥಳಾಕೃತಿ ನಕ್ಷೆಯನ್ನು ಬಿಡಿಸಿ ನೋಡಬೇಕು.

ಕೊಡಗಿನ ವ್ಯವಸ್ಥಿತ ಮೋಜಣಿ ಬ್ರಿಟಿಷರು 1834ರಲ್ಲಿ ರಾಜ್ಯವನ್ನು ವಶಪಡಿಸಿಕೊಳ್ಳುವ ಮೊದಲೇ, ಲಿಂಗರಾಜೇಂದ್ರನ ಕಾಲದಲ್ಲಿ ನಡೆಯಿತು; ಅದನ್ನು ನಡೆಸಿದ ಲೆಫ್ಟಿನೆಂಟ್ ಕಾನರ್ 1817ರಲ್ಲಿ ತನ್ನ ವರದಿಯನ್ನು ಬರೆದ. ವಿಮಾನವಿಲ್ಲದ ಆ ಕಾಲದಲ್ಲಿ ಒಂದು ಬೆಟ್ಟದ ತುದಿಯಿಂದ ಇನ್ನೊಂದನ್ನು ನೋಡಿ ಕೋನವಳೆದು, ತ್ರಿಕೋನದ ಮೇಲೆ ತ್ರಿಕೋನ ಹೆಣೆದು ನಾಡನ್ನು ಕಾಗದಕ್ಕಿಳಿಸುವುದು ಮೋಜಣಿದಾರರ ಕ್ರಮವಾಗಿತ್ತು. ಆಗಿನ ನಕ್ಷೆಗಳಲ್ಲಿ ಬೆಟ್ಟವೆಂದರೆ ನೀರು ಹರಿಯುವ ದಿಕ್ಕಿಗೆ ಎಳೆದ ಗಿಡ್ಡ ಗೀರುಗಳು. ನೋಡಲು ಬಲು ಚೆಂದ, ಆದರೆ ಅವುಗಳಿಂದ ಎತ್ತರದ ಲೆಕ್ಕ ಸಿಗದು.

ಆ ಲೆಕ್ಕವನ್ನು ಕೊಟ್ಟದ್ದು ಸಮೋನ್ನತ ರೇಖೆಗಳು. ಬೇಸಿಗೆಯಲ್ಲಿ ಹಾರಂಗಿ ಜಲಾಶಯದ ನೀರು ಇಳಿಯುತ್ತ ದಂಡೆಯ ಮೇಲೆ ಬಿಟ್ಟುಹೋಗುವ ಗುರುತುಗಳನ್ನು ನೆನೆಯಿರಿ: ಒಂದೊಂದು ಗುರುತೂ ಒಂದೇ ಎತ್ತರದ ಬಿಂದುಗಳ ಸಾಲು, ದಂಡೆ ಕಡಿದಾಗಿದ್ದಲ್ಲಿ ಅವು ಒತ್ತಾಗಿ, ಸಪಾಟಾಗಿದ್ದಲ್ಲಿ ದೂರದೂರವಾಗಿ ಕಾಣುತ್ತವೆ. 1:50,000 ಅಳತೆಯ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. 20 ಮೀಟರ್ ಎತ್ತರಕ್ಕೊಂದರಂತೆ ಎಳೆದ ರೇಖೆಗಳ ನಡುವೆ ಒಂದು ಮಿಲಿಮೀಟರ್ ಅಂತರವಿದ್ದರೆ ಇಳಿಜಾರು ಸುಮಾರು 22 ಡಿಗ್ರಿ. ಅಂತರ ಅರ್ಧ ಮಿಲಿಮೀಟರಿಗೆ ಇಳಿದರೆ ಸುಮಾರು 39 ಡಿಗ್ರಿ. ಮಣ್ಣನ್ನು ಕೆಳಕ್ಕೆಳೆಯುವುದು ಗುರುತ್ವದ ಇಳಿಜಾರಿನುದ್ದಕ್ಕಿರುವ ಪಾಲು. ಮೊದಲನೆಯದರಲ್ಲಿ ಅದು ತೂಕದ ಶೇಕಡಾ 37ರಷ್ಟು, ಎರಡನೆಯದರಲ್ಲಿ 63ರಷ್ಟು. ಇದರ ಮೇಲೆ ವಾರಗಟ್ಟಲೆ ಸುರಿದ ಮಳೆ ಮಣ್ಣಿನ ರಂಧ್ರಗಳನ್ನು ತುಂಬಿ, ಒಳಗಿನ ನೀರಿನ ಒತ್ತಡ ಕಣಗಳ ಹಿಡಿತವನ್ನು ಸಡಿಲಿಸುತ್ತದೆ.

ಈಗ ನಕ್ಷೆಯಲ್ಲಿ ಮಡಿಕೇರಿಯಿಂದ ಪೂರ್ವಕ್ಕೆ ಸುಂಟಿಕೊಪ್ಪದತ್ತ ಬೆರಳು ಸರಿಸಿದರೆ ರೇಖೆಗಳು ವಿರಳವಾಗುತ್ತವೆ, ಪಶ್ಚಿಮಕ್ಕೆ ಸಂಪಾಜೆಯ ಕಣಿವೆಗಿಳಿದರೆ ದಟ್ಟೈಸುತ್ತವೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ನಲುಗಿದ ಜೋಡುಪಾಲ ಇರುವುದು ಈ ಕಣಿವೆಯಲ್ಲೇ, ಮಡಿಕೇರಿಗಿಂತ ಬಹಳ ತಗ್ಗಿನಲ್ಲಿ. ಎತ್ತರವೇ ಕಾರಣವೆಂಬ ವಾದ ಇಲ್ಲಿಗೇ ಮುರಿದುಬೀಳುತ್ತದೆ.

ಆದರೆ ರಸ್ತೆಗೋ ಮನೆಗೋ ಜಾಗ ಮಾಡಲು ಐದಾರು ಮೀಟರ್ ನೆಟ್ಟಗೆ ಕಡಿದ ಬರೆ 20 ಮೀಟರ್ ಅಂತರದ ಎರಡು ರೇಖೆಗಳ ನಡುವೆ ಅಡಗಿಹೋಗುತ್ತದೆ. ಅಂಥ ಬರೆಗಳನ್ನು ಕಾಣಿಸಬೇಕಾದರೆ ಒಂದೆರಡು ಮೀಟರಿಗೊಂದು ರೇಖೆಯಿರುವ ಹೊಸ ನಕ್ಷೆ ಬೇಕು. ವಿಮಾನದಿಂದಲೋ ಡ್ರೋನಿನಿಂದಲೋ ಲೇಸರ್ ಬೆಳಕನ್ನು ಹಾಯಿಸಿ, ಮರಗಳ ಎಡೆಯಿಂದ ನೆಲವನ್ನು ಅಳೆಯುವ ವಿಧಾನ ಇಂದು ಅದನ್ನು ಸಾಧ್ಯವಾಗಿಸಿದೆ.