ಪವರ್ ಜಾಸ್ತಿ ಇರೋ ಮಾತ್ರೆ ಕೊಡಿ

ನಮ್ಮ ಕಡೆ ಪವರ್ ಅನ್ನೋ ಪದಕ್ಕೆ ಪುರುಸೊತ್ತೇ ಇಲ್ಲ. ಕರೆಂಟ್ ಹೋದರೆ ಪವರ್ ಕಟ್. ಸೈಟು ಮಾರಲು ತಮ್ಮನಿಗೆ ಬರೆದುಕೊಡುವುದು ಪವರ್ ಆಫ್ ಅಟಾರ್ನಿ. ಕನ್ನಡಕಕ್ಕೂ ಪವರ್, ಪಂಪ್‌ಸೆಟ್ಟಿಗೂ ಪವರ್. ಪುನೀತ್ ರಾಜ್‌ಕುಮಾರ್ ಅವರಿಗಂತೂ ಅದು ಬಿರುದಿನಲ್ಲೇ ಇತ್ತು. ಇವುಗಳ ಮೇಲೆ ನನಗೇನೂ ತಕರಾರಿಲ್ಲ. ತಲೆ ಬಿಸಿಯಾಗುವುದು ನಮ್ಮ ಮೆಡಿಕಲ್ ಶಾಪಿನ ಕೌಂಟರಿಗೆ ಬರುವ ಪವರ್‌ನಿಂದ.

"ಅಣ್ಣಾ, ಇದಕ್ಕಿಂತ ಪವರ್ ಇರೋದು ಕೊಡಿ."

ಪಂಪ್‌ಸೆಟ್ಟಿನಲ್ಲಿ ಈ ಮಾತು ಸರಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಯಾವ ಕಂಪನಿಯ ಮೋಟಾರಾದರೂ ಅಷ್ಟೇ. 5ಕ್ಕಿಂತ 10 ದೊಡ್ಡದು. ಜನ ಇದೇ ಲೆಕ್ಕವನ್ನು ಮಾತ್ರೆಗೂ ಹಾಕುತ್ತಾರೆ. ಸ್ಟ್ರಿಪ್ ಮೇಲಿನ 500, 650 ಬರೀ ಔಷಧದ ತೂಕ, ಮಿಲಿಗ್ರಾಂ ಲೆಕ್ಕದಲ್ಲಿ. ಒಂದೇ ಔಷಧದ ಎರಡು ಮಾತ್ರೆಗಳನ್ನು ಹೋಲಿಸಲು ಅದು ಸಾಕು. ಪ್ಯಾರಾಸಿಟಮಾಲ್ 500ಕ್ಕಿಂತ 650ರಲ್ಲಿ ಔಷಧ ಜಾಸ್ತಿ, ನಿಜ. ಆದರೆ ಬೇರೆ ಬೇರೆ ಔಷಧಗಳ ನಡುವೆ ಈ ಸಂಖ್ಯೆ ಏನನ್ನೂ ಹೇಳುವುದಿಲ್ಲ. ನೂರು ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ನೂರು ಗ್ರಾಂ ಗುಂಟೂರು ಮೆಣಸಿನಕಾಯಿ ಸಾರಿಗೆ ಹಾಕಿ ನೋಡಿ, ತೂಕ ಒಂದೇ ಇದ್ದರೂ ನಾಲಿಗೆ ಒಪ್ಪುತ್ತದಾ?

ಶುಗರ್ ಇರುವ ಒಬ್ಬ ಅಜ್ಜಿ ನಮ್ಮಲ್ಲಿಗೆ ಬರುತ್ತಾರೆ. ಒಂದು ದಿನ ಮುಖ ಊದಿಸಿಕೊಂಡು ಬಂದರು. "ಪಕ್ಕದ್ಮನೆಯವಳಿಗೆ 500 ಪವರ್ ಕೊಟ್ಟಿದಾರೆ, ನನಗೆ ಬರೀ 1. ಡಾಕ್ಟ್ರು ನನ್ನ ಕಾಯಿಲೇನ ಲೆಕ್ಕಕ್ಕೇ ತಗೊಂಡಿಲ್ಲ!" ಪಕ್ಕದ ಮನೆಯವರದ್ದು ಮೆಟ್‌ಫಾರ್ಮಿನ್ 500, ಅಜ್ಜಿಯದ್ದು ಗ್ಲಿಮೆಪಿರೈಡ್ 1. ನನಗೆ ಭಯ ಇರುವುದು ಆ ಒಂದರ ಮೇಲೆಯೇ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನುಂಗಿ ಊಟ ಬಿಟ್ಟರೆ ಶುಗರ್ ತೀರಾ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಶುರುವಾಗಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಲ್ಲಿ ಹಾಗಾಗುವುದು ಅಪರೂಪ. "ತಿಂಡಿ ತಿನ್ನದೆ ಇದನ್ನ ತಗೋಬೇಡಿ ಅಜ್ಜೀ" ಅಂದೆ. "ಒಂದು ಪವರಿಗೆ ಇಷ್ಟೊಂದು ಪಥ್ಯಾನಾ?" ಅಂದುಬಿಟ್ಟರು!

ಥೈರಾಯ್ಡ್ ಮಾತ್ರೆಯ 50, 100 ಇನ್ನೊಂದು ತಮಾಷೆ. ಅವು ಮಿಲಿಗ್ರಾಂ ಕೂಡ ಅಲ್ಲ, ಮೈಕ್ರೋಗ್ರಾಂ. ಸಾವಿರ ಸೇರಿದರೆ ಒಂದು ಮಿಲಿಗ್ರಾಂ. ಇನ್ನು ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಇರುವ ಪ್ರಸಿದ್ಧ ಆ್ಯಂಟಿಬಯೋಟಿಕ್ ಮಾತ್ರೆ 625. ಅದರಲ್ಲೂ ಅಮಾಕ್ಸಿಸಿಲಿನ್ ಇರುವುದು 500 ಮಾತ್ರ. ಉಳಿದ 125, ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ನನ್ನು ಒಡೆದು ಹಾಕದಂತೆ ಕಾಯುವ ಔಷಧ. "500 ಹಿಡೀಲಿಲ್ಲ, 625 ಕೊಡಿ" ಅಂತ ಚೀಟಿ ಇಲ್ಲದೆ ಬರುವವರಿಗೆ ನಾನು ಕೊಡುವುದಿಲ್ಲ. ಬೈದುಕೊಂಡು ಹೋಗುತ್ತಾರೆ, ಹೋಗಲಿ.

ನಿಜವಾಗಿ ಎದೆ ಝಲ್ಲೆನ್ನುವುದು ಮಕ್ಕಳ ಜ್ವರದ ಔಷಧದಲ್ಲಿ. ಪ್ಯಾರಾಸಿಟಮಾಲ್ ಡ್ರಾಪ್ಸ್ ಎಳೆ ಮಕ್ಕಳದ್ದು, ಹಾಗಾಗಿ ಪವರ್ ಕಮ್ಮಿ ಅಂತ ಎಲ್ಲರ ನಂಬಿಕೆ. ಇರುವುದು ತಿರುಗುಮುರುಗು. ಸಾಮಾನ್ಯವಾಗಿ ಡ್ರಾಪ್ಸ್‌ನ ಒಂದು ಎಂಎಲ್‌ನಲ್ಲೇ 100 ಮಿಲಿಗ್ರಾಂ ಔಷಧ ಇರುತ್ತದೆ, ಮಗು ಕಡಿಮೆ ಕುಡಿದರೂ ಸಾಕಾಗಲಿ ಅಂತ. ಸಿರಪ್‌ನಲ್ಲಿ 5 ಎಂಎಲ್‌ಗೆ 120, 125 ಅಥವಾ 250. ಸಿರಪ್ ಖಾಲಿಯಾಯಿತು ಅಂತ ಅದೇ 5 ಎಂಎಲ್ ಚಮಚದಲ್ಲಿ ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು, ದೊಡ್ಡವರ ಒಂದು ಮಾತ್ರೆಯಷ್ಟು. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು 100ರಿಂದ 150. ಹಾಗೇನಾದರೂ ಆಗಿದ್ದರೆ ಕಾದು ನೋಡೋಣ ಅನ್ನಬೇಡಿ, ಬಾಟಲಿ ಸಮೇತ ಡಾಕ್ಟರ ಹತ್ತಿರ ಹೋಗಿ. ಒಬ್ಬ ತಾಯಿಗೆ ಇದನ್ನು ಬಾಟಲಿ ತೋರಿಸಿ ಹೇಳಿದಾಗ, ಪಾಪ, ಕೌಂಟರಿನ ಮುಂದೆಯೇ ಕಣ್ಣೀರು ಹಾಕಿದರು. ಪುಣ್ಯಕ್ಕೆ ಇನ್ನೂ ಕುಡಿಸಿರಲಿಲ್ಲ.

ಪವರ್ ಜಾಸ್ತಿ ಆಯಿತು ಅಂತ ಮಾತ್ರೆಯನ್ನು ಅರ್ಧ ಮುರಿಯುವವರೂ ಇದ್ದಾರೆ. ಹೆಸರಿನ ಪಕ್ಕ ಎಸ್‌ಆರ್, ಇಆರ್, ಎಕ್ಸ್‌ಎಲ್ ಅಂತ ಇದ್ದರೆ ಸ್ವಲ್ಪ ತಡೆಯಿರಿ. ಅವು ಇಡೀ ದಿನ ನಿಧಾನವಾಗಿ ಕರಗಲೆಂದು ಮಾಡಿದವು. ಎಷ್ಟೋ ಮಾತ್ರೆಗಳಲ್ಲಿ ಮುರಿದ ಕೂಡಲೇ ಆ ವ್ಯವಸ್ಥೆ ಕೆಟ್ಟು, ದಿನವಿಡೀ ಬರಬೇಕಾದ ಔಷಧ ಒಟ್ಟಿಗೇ ಮೈಗೆ ಸೇರಬಹುದು. ನಡುವೆ ಗೆರೆ ಇರುವ ಕೆಲವನ್ನು ಮುರಿಯಬಹುದು, ಆದರೆ ಅರೆಯುವಂತಿಲ್ಲ. ಯಾವುದು ಹೇಗೆ ಅಂತ ಕೌಂಟರಿನಲ್ಲೇ ಕೇಳಿ. ಅರ್ಧ ನಿಮಿಷದ ಕೆಲಸ, ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ.