ಉಪ್ಪಿಲ್ಲದಿದ್ದರೆ ಸತ್ತೇ ಹೋಗುವ ಜೀವಿಗಳು

ಪ್ರಶ್ನೆ: ಉಪ್ಪು ಹಾಕಿದರೆ ಉಪ್ಪಿನಕಾಯಿ ಕೆಡುವುದಿಲ್ಲ. ಹಾಗಿದ್ದೂ ಲೋಣಾರ್ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಉಪ್ಪಿನಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಅಂತಾರಲ್ಲ, ಹೇಗೆ?

ಮೊದಲು ಜಾಡಿಯನ್ನೇ ನೋಡೋಣ. ರಾತ್ರಿ ಉಪ್ಪು ಬೆರೆಸಿಟ್ಟ ಮಾವಿನ ಹೋಳು ಬೆಳಗಾಗುವಷ್ಟರಲ್ಲಿ ಸುಕ್ಕಾಗಿ, ತಳದಲ್ಲಿ ನೀರು ನಿಂತಿರುತ್ತದೆ. ನಾವು ಒಂದು ಹನಿಯೂ ಹಾಕಿರುವುದಿಲ್ಲ, ಅಲ್ವಾ? ಹೊರಗಿನ ಉಪ್ಪು ಹೋಳಿನೊಳಗಿನ ನೀರನ್ನು ಎಳೆದುಕೊಂಡಿರುತ್ತದೆ. ಕೆಡಿಸಲು ಬರುವ ಬ್ಯಾಕ್ಟೀರಿಯಾಕ್ಕೂ ಇದೇ ಗತಿ.

2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಲೋಣಾರ್ ಕೆಂಪೇರಿದಾಗ ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆ ಆ ನೀರನ್ನು ಪರೀಕ್ಷಿಸಿತು. ಸಿಕ್ಕಿದ್ದು ಹಾಲೋಆರ್ಕಿಯಾ ಎಂಬ ಉಪ್ಪುಪ್ರಿಯ ಸೂಕ್ಷ್ಮಜೀವಿಗಳು. ನೋಡಲು ಬ್ಯಾಕ್ಟೀರಿಯಾದಂತೆ, ಆದರೆ ವಂಶವೇ ಬೇರೆ, ಅದರ ಹೆಸರು ಆರ್ಕಿಯಾ. ಸುಮ್ನೆ ಇಟ್ಟ ನೀರಿನಲ್ಲಿ ಗುಲಾಬಿ ಬಣ್ಣ ತಳಕ್ಕಿಳಿದು ಮೇಲೆ ತಿಳಿಯಾಯಿತು. ಅಂದರೆ ಬಣ್ಣ ನೀರಿನದಲ್ಲ, ಜೀವಿಗಳದ್ದು. ಸುಡುಬಿಸಿಲಿನಿಂದ ಕಾಪಾಡಿಕೊಳ್ಳಲು ಅವು ಕ್ಯಾರೆಟ್ ಬಣ್ಣದ ಬಳಗಕ್ಕೇ ಸೇರಿದ ಕೆಂಪು ವರ್ಣಕವನ್ನು ಮೈಯಲ್ಲಿ ತುಂಬಿಕೊಂಡಿರುತ್ತವೆ.

ನೀರು ಕಳೆದುಕೊಳ್ಳದಿರಲು ಅವುಗಳ ಉಪಾಯ ಸರಳ: ಹೊರಗೆ ಎಷ್ಟು ಉಪ್ಪೋ ಒಳಗೂ ಅಷ್ಟೇ. ಆದರೆ ಒಳಗಿನದು ಬೇರೆ ಬಗೆಯ ಉಪ್ಪು: ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಹೊರದಬ್ಬಿ ಪೊಟ್ಯಾಸಿಯಂ ತುಂಬಿಕೊಳ್ಳುತ್ತವೆ. ಅಷ್ಟು ಉಪ್ಪಿನಲ್ಲಿ ನಮ್ಮ ಪ್ರೋಟೀನುಗಳಾದರೆ ಗಂಟುಕಟ್ಟಿಬಿಡುತ್ತವೆ. ಇವುಗಳ ಪ್ರೋಟೀನಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ, ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಸೌಲಭ್ಯಕ್ಕೆ ಬೆಲೆಯೂ ಇದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹಾಲೋಬ್ಯಾಕ್ಟೀರಿಯಂ ಎಂಬ ಆರ್ಕಿಯಾಕ್ಕೆ (ಹೆಸರಲ್ಲಿ ಬ್ಯಾಕ್ಟೀರಿಯಾ ಇದೆ, ನಂಬಬೇಡಿ) 200 ಗ್ರಾಂ ದಾಟಿದರೇ ಹಿತ. ಸಿಹಿನೀರಿಗೆ ಬಿಟ್ಟರೆ ಪ್ರೋಟೀನಿನ ಮಡಿಕೆ ಬಿಚ್ಚಿ, ನೀರು ಒಳನುಗ್ಗಿ, ಕೋಶವೇ ಒಡೆದುಹೋಗುತ್ತದೆ. ನಾವು ಕುಡಿಯುವ ನೀರು ಅದಕ್ಕೆ ವಿಷ!

ಉಪ್ಪಿನ ಗದ್ದೆಗಳಲ್ಲಿರುವ ಡ್ಯೂನಲಿಯೆಲ್ಲಾ ಎಂಬ ಪಾಚಿಯ ದಾರಿ ಬೇರೆ. ಉಪ್ಪನ್ನು ಒಳಗೆ ಬಿಟ್ಟುಕೊಳ್ಳದೆ, ನೀರನ್ನು ಒಳಗೇ ಹಿಡಿದಿಡುವ ಗ್ಲಿಸರಾಲ್ ಎಂಬ ಸಿಹಿ ದ್ರವವನ್ನು ತಾನೇ ತಯಾರಿಸಿ ತುಂಬಿಕೊಳ್ಳುತ್ತದೆ.

ಹಾಗಾದರೆ ಈ ಕೆಂಪು ಜೀವಿ ನಮ್ಮ ಜಾಡಿಗೂ ಬರುತ್ತದಾ? ಸಮುದ್ರದ ಹರಳುಪ್ಪಿನ ಜತೆ ಬರಬಹುದು. ಉಪ್ಪು ಹಾಕಿ ಒಣಗಿಸಿದ ಮೀನಿನ ಮೇಲೆ ಕೆಲವೊಮ್ಮೆ ಕಾಣುವ ಕೆಂಪು ಕಲೆ ಇವುಗಳದ್ದೇ. ಆದರೆ ಮಾವಿನಕಾಯಿ, ನಿಂಬೆಯ ಹುಳಿ ಇವಕ್ಕೆ ಆಗಿಬರುವುದಿಲ್ಲ. ಲೋಣಾರ್‌ನ ನೀರಂತೂ ಹುಳಿಗೆ ಪೂರ್ತಿ ವಿರುದ್ಧ, ಸೋಡಾದಂಥ ಕ್ಷಾರ.